ಮನೆ ಬಾಡಿಗೆಗೆ ಕೊಟ್ಟಿದ್ದೀರಾ? ಬೀಗದ ಕೈ ಕೊಡೋ ಮುಂಚೆ ಗ್ಯಾಸ್, ಕರೆಂಟ್, ಹೊಗೆ ಅಲಾರಂ ಬಗ್ಗೆ ಇಷ್ಟು ತಿಳ್ಕೊಳ್ಳಿ

ತಿಪಟೂರು: ಹೋದ ವರ್ಷ ಸಂಕ್ರಾಂತಿ ಮುಗಿದು ಎರಡು ದಿನ ಆಗಿತ್ತು. ಬೆಳಗ್ಗೆ ಆರೂವರೆ ಇರಬೇಕು. ನಮ್ಮ ಮಹಡಿ ಮೇಲಿನ ಬಾಡಿಗೆ ಮನೆಯಿಂದ ದಬದಬ ಅಂತ ಬಾಗಿಲು ಬಡಿಯೋ ಸದ್ದು. ಆಮೇಲೆ ಬಾಡಿಗೆಯವರು ಮೆಟ್ಟಿಲ ಮೇಲಿಂದಲೇ ಕೂಗಿದ್ರು, "ಆಂಟಿ, ಬೇಗ ಬನ್ನಿ, ಇವಳು ಬಾತ್‌ರೂಮ್‌ನಲ್ಲಿ ಮಾತಾಡ್ತಿಲ್ಲ!"

ನಾನು ಹಾರೆ ಹಿಡ್ಕೊಂಡು ಓಡಿದೆ. ಚಿಲಕ ಕಿತ್ತು ನೋಡಿದ್ರೆ ಆ ಅಕ್ಕ ಗೋಡೆಗೆ ಒರಗಿ ಬಿದ್ದಿದ್ರು. ನಲ್ಲಿಯಲ್ಲಿ ಬಿಸಿ ನೀರು ಇನ್ನೂ ಸುರೀತಿತ್ತು, ಗ್ಯಾಸ್ ಗೀಸರ್ ಇನ್ನೂ ಉರೀತಿತ್ತು. ಬೆಡ್‌ಶೀಟ್ ಸುತ್ತಿ ಹೊರಗೆ ತಂದು, ಕಿಟಕಿ ಪಕ್ಕ ಮಲಗಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಆಕ್ಸಿಜನ್ ಹಾಕಿದ್ರು. ಮರುದಿನ ಸಂಜೆ ನಡ್ಕೊಂಡೇ ಮನೆಗೆ ಬಂದ್ರು. ಡಾಕ್ಟರ್ ಹೇಳಿದ್ದು ಒಂದೇ ಮಾತು: ಇನ್ನು ಸ್ವಲ್ಪ ಹೊತ್ತು ಯಾರೂ ನೋಡದೇ ಹೋಗಿದ್ರೆ ಕಷ್ಟ ಇತ್ತು.

ಈ ಘಟನೆಯಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಬರೀತಿದೀನಿ. ಆ ಬಾತ್‌ರೂಮ್‌ಗೆ ಮೇಲ್ಗಡೆ ಒಂದು ವೆಂಟಿಲೇಟರ್ ಇತ್ತು. ಪಕ್ಕದ ಮನೆ ಟೆರೇಸ್‌ನಿಂದ ಕಾಣುತ್ತೆ, ಚಳಿಗಾಳಿ ಬೇರೆ ಬರುತ್ತೆ ಅಂತ ಬಾಡಿಗೆಯವರು ಹೇಳಿದ್ದಕ್ಕೆ, ದಸರಾ ರಜೆಯಲ್ಲಿ ನಾನೇ ಅದಕ್ಕೊಂದು ಪ್ಲೈವುಡ್ ತುಂಡು ಹೊಡೆದಿದ್ದೆ. ನಾಲ್ಕು ಮೊಳೆ. ಗೀಸರ್ ಅವರದು, ಮುಚ್ಚಿದ ಕೈ ನನ್ನದು. ಅವತ್ತು ರಾತ್ರಿ ಅಮ್ಮ ಊಟಕ್ಕೆ ಬಡಿಸ್ತಾ ಕೇಳಿದ್ರು, "ಆ ಹುಡುಗಿಗೆ ಏನಾದ್ರೂ ಆಗಿದ್ರೆ ಅವರಮ್ಮನಿಗೆ ಏನಂತ ಹೇಳ್ತಿದ್ದೆ?" ನನ್ನ ಹತ್ರ ಉತ್ತರ ಇರಲಿಲ್ಲ.

ನಮ್ಮೂರಲ್ಲಿ ಬಾಡಿಗೆ ಮನೆಗೆ ಕೊರತೆ ಇಲ್ಲ. ವಿದ್ಯಾನಗರ, ಗಾಂಧಿನಗರ ಕಡೆ ಕಾಲೇಜು ಹುಡುಗರ ರೂಮುಗಳು, ಬಿ.ಎಚ್. ರಸ್ತೆ ಉದ್ದಕ್ಕೂ ಕೆಳಗೆ ಅಂಗಡಿ ಮೇಲೆ ಮನೆ. ಒಂದು ಸೈಟಲ್ಲಿ ಸಾಲಾಗಿ ನಾಲ್ಕು ಮನೆ ಕಟ್ಟಿಸಿ ಅದರ ಬಾಡಿಗೆಯಲ್ಲೇ ಬದುಕೋ ಹಿರಿಯರೂ ಇದ್ದಾರೆ. ಮನೆ ಕೊಡುವಾಗ ನಾವು ಕೇಳೋದು ಅಡ್ವಾನ್ಸ್ ಎಷ್ಟು, ಎಷ್ಟು ಜನ ಇರ್ತೀರಾ, ನೀರು ಜಾಸ್ತಿ ಖರ್ಚು ಮಾಡ್ತೀರಾ ಅಂತ. ಯಾವ ಗೀಸರ್ ಹಾಕ್ತೀರಾ ಅಂತ ಎಷ್ಟು ಜನ ಕೇಳ್ತೀವಿ?

ಕಾನೂನು ಏನು ಹೇಳುತ್ತೆ?

ಇಂಗ್ಲೆಂಡ್‌ನಲ್ಲಿ 2015ರಿಂದ ಬಾಡಿಗೆ ಮನೆಯ ಪ್ರತಿ ಮಹಡಿಗೂ ಹೊಗೆ ಅಲಾರಂ ಹಾಕಿಸೋದು ಮಾಲೀಕರ ಕಾನೂನುಬದ್ಧ ಜವಾಬ್ದಾರಿ. ನಮ್ಮ ಕಡೆಯ ಒಂದೆರಡು ಅಂತಸ್ತಿನ ಸಣ್ಣ ಬಾಡಿಗೆ ಮನೆಗೆ ಅಂಥ ಕಡ್ಡಾಯ ನಿಯಮ ಇಲ್ಲ. ಯಾರೂ ಬಂದು ಚೆಕ್ ಮಾಡಲ್ಲ.

ಆದರೆ ಅವಘಡ ಆದಮೇಲೆ ಕಾನೂನು ಬಂದೇ ಬರುತ್ತೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ 5 ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಹಳೇ ವೈರಿಂಗ್ ಬಗ್ಗೆ ಬಾಡಿಗೆಯವರು ಎರಡು ಸಲ ಹೇಳಿದ್ರೂ ಓನರ್ ರಿಪೇರಿ ಮಾಡಿಸಲಿಲ್ಲ ಅಂತಾದ್ರೆ ಪೊಲೀಸರು ಮೊದಲು ಕೇಳೋ ಪ್ರಶ್ನೆ ಅದೇ. ಈಗೆಲ್ಲ ವಾಟ್ಸಾಪ್ ಮೆಸೇಜ್ ಇರುತ್ತೆ, ಸಾಕ್ಷಿಗೆ ಅಷ್ಟು ಸಾಕು.

ಬಾತ್‌ರೂಮ್: ವಾಸನೆ ಇಲ್ಲದ ವಿಷ

ಮೊದಲು ಗ್ಯಾಸ್ ಗೀಸರ್. ಇದು ಗ್ಯಾಸ್ ಸೋರಿಕೆ ಅಲ್ಲ ಅನ್ನೋದನ್ನ ಅರ್ಥ ಮಾಡ್ಕೊಳ್ಳಿ. ಗೀಸರ್ ಚೆನ್ನಾಗೇ ಉರೀತಿರುತ್ತೆ. ಉರಿಯೋದಕ್ಕೆ ಗಾಳಿಯಲ್ಲಿರೋ ಆಮ್ಲಜನಕ ಬೇಕು. ಮುಚ್ಚಿದ ಸಣ್ಣ ಬಾತ್‌ರೂಮ್‌ನಲ್ಲಿ ಆಮ್ಲಜನಕ ಕಮ್ಮಿಯಾಗ್ತಾ ಹೋದಂತೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನ ಹಿಡ್ಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕೈಕಾಲಲ್ಲಿ ಶಕ್ತಿ ಇರಲ್ಲ. ಬಾಗಿಲು ಎರಡು ಅಡಿ ದೂರದಲ್ಲಿದ್ರೂ ಚಿಲಕ ತೆಗೆಯೋಕೆ ಆಗಲ್ಲ. ಹೊರಗಿನವರು ಸ್ನಾನ ತಡವಾಯ್ತು ಅಂದ್ಕೊಂಡು ಸುಮ್ಮನಿರ್ತಾರೆ.

ಮಾಲೀಕರು ಮಾಡಬೇಕಾದ್ದು ಇಷ್ಟು:

- ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೆ ಬೇಡವೇ ಬೇಡ. ಬಯಲು ಗಾಳಿ ಇರೋ ಯುಟಿಲಿಟಿಯಲ್ಲೋ ಹೊರಗಿನ ಗೋಡೆಗೋ ಹಾಕಿಸಿ, ಬಿಸಿ ನೀರು ಮಾತ್ರ ಪೈಪ್‌ನಲ್ಲಿ ಒಳಗೆ ಬರಲಿ. ಸಿಲಿಂಡರ್ ಕೂಡ ಹೊರಗೇ ಇರಲಿ.
- ಬಾತ್‌ರೂಮ್ ವೆಂಟಿಲೇಟರ್ ಮುಚ್ಚಬೇಡಿ. ಮರೆ ಬೇಕಾದ್ರೆ ಓರೆ ಪಟ್ಟಿಗಳಿರೋ ಲೂವರ್ ಹಾಕಿ, ಗಾಳಿ ಆಡುತ್ತೆ, ಒಳಗೆ ಕಾಣಲ್ಲ.
- ಬಾಗಿಲ ಕೆಳಗೆ ಗಾಳಿ ಬರೋಕೆ ಸಂದಿ ಬಿಡಿ. ಮೇಲಿಂದ ಹೋಗೋಕೂ ಕೆಳಗಿಂದ ಬರೋಕೂ ದಾರಿ ಇದ್ರೇನೇ ಗಾಳಿ ತಿರುಗೋದು.
- ಆಗೋದಾದ್ರೆ ಸೋಲಾರ್ ಅಥವಾ ಕರೆಂಟ್ ಗೀಸರ್ ನೀವೇ ಹಾಕಿಸಿಕೊಡಿ. ನೀವು ಕೊಡದೇ ಇದ್ದಾಗಲೇ ಬಾಡಿಗೆಯವರು ಸೆಕೆಂಡ್ ಹ್ಯಾಂಡ್ ಗ್ಯಾಸ್ ಗೀಸರ್ ತಂದು ಎಲ್ಲೋ ಒಂದು ಕಡೆ ನೇತು ಹಾಕೋದು.

ಇದಕ್ಕೆ ಪ್ರತ್ಯೇಕ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬರುತ್ತೆ. ಅಂಗೈ ಅಗಲದ ಪೆಟ್ಟಿಗೆ, ಬ್ಯಾಟರಿಯಲ್ಲಿ ನಡೆಯುತ್ತೆ. ಯುರೋಪಿನ 50291 ಅನ್ನೋ ಮಾನದಂಡ ಬರೆದಿರೋದನ್ನ ನೋಡಿ ತಗೊಳ್ಳಿ. ಆ ಮಾನದಂಡದ ಅಲಾರಂ, ಗಾಳಿಯ 10 ಲಕ್ಷ ಪಾಲಿನಲ್ಲಿ 300 ಪಾಲು ಈ ವಿಷ ಇದ್ದರೆ 3 ನಿಮಿಷದೊಳಗೆ ಕೂಗಲೇಬೇಕು. ಬಾತ್‌ರೂಮ್ ಒಳಗಿನ ಹಬೆಗೆ ಇದು ಕೆಡುತ್ತೆ, ಹಾಗಾಗಿ ಬಾಗಿಲ ಹೊರಗೆ, ನಿಂತವರ ಮೂಗಿನ ಎತ್ತರಕ್ಕೆ ಹಾಕಿ. ಹಿಂಬದಿಯಲ್ಲಿ ಎಲ್ಲಿವರೆಗೆ ಕೆಲಸ ಮಾಡುತ್ತೆ ಅನ್ನೋ ದಿನಾಂಕ ಇರುತ್ತೆ, ಅದು ಮುಗಿದ ಮೇಲೆ ಬ್ಯಾಟರಿ ಬದಲಾಯಿಸಿ ಪ್ರಯೋಜನ ಇಲ್ಲ, ಹೊಸದೇ ಬೇಕು. ಇನ್ನೊಂದು ಮಾತು, ಅಲಾರಂ ಇದೆ ಅಂತ ವೆಂಟಿಲೇಟರ್ ಮುಚ್ಚೋ ಹಾಗಿಲ್ಲ.

ಚಳಿಗೆ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಹಾಕ್ಕೊಂಡು ಬಾಗಿಲು ಮುಚ್ಚಿ ಮಲಗೋದೂ ಇದೇ ವಿಷ. ಬೇರೆ ಊರಿಂದ ಕೆಲಸಕ್ಕೆ ಬಂದು ರೂಮಲ್ಲಿರೋ ಹುಡುಗರಿಗೆ ಇದನ್ನ ಬಾಯಿಬಿಟ್ಟು ಹೇಳಿ.

ಅಡುಗೆ ಮನೆ: ಗ್ಯಾಸ್ ಕೆಳಗಿಳಿಯುತ್ತೆ

ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸ್ತಾರೆ. ಎಚ್ಚರ ಇದ್ದವರಿಗೆ ಅದು ಸಾಕು. ನಿದ್ದೆಯಲ್ಲಿ ಮೂಗನ್ನ ನಂಬೋ ಹಾಗಿಲ್ಲ, ವಾಸನೆಗೆ ಎಚ್ಚರ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕಿವಿಗೆ ಜೋರು ಸದ್ದು ಬಿದ್ರೆ ಎಚ್ಚರ ಆಗುತ್ತೆ. ಅಲಾರಂ ಬೇಕಾಗೋದು ಅದಕ್ಕೇ.

2024ರ ಮೇ ತಿಂಗಳಲ್ಲಿ ಮೈಸೂರಿನ ಯರಗನಹಳ್ಳಿಯ ಪುಟ್ಟ ಮನೆಯೊಂದರಲ್ಲಿ ಸಿಲಿಂಡರ್ ಗ್ಯಾಸ್ ಸೋರಿ ಒಂದೇ ಕುಟುಂಬದ ನಾಲ್ವರು ಸತ್ತಿದ್ದು ನೆನಪಿರಬಹುದು. ಅಲ್ಲಿ ಬೆಂಕಿಯೂ ಹೊತ್ತಿಕೊಂಡಿರಲಿಲ್ಲ, ಸ್ಫೋಟವೂ ಆಗಿರಲಿಲ್ಲ. ಮುಚ್ಚಿದ ಮನೆಯಲ್ಲಿ ಉಸಿರಾಡೋಕೆ ಗಾಳಿ ಇರಲಿಲ್ಲ, ಅಷ್ಟೇ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ರೆ ನೀರಿನ ಥರ ನೆಲಕ್ಕೆ ಇಳಿದು ಹರಡುತ್ತೆ. ಆದ್ದರಿಂದ ಗ್ಯಾಸ್ ಅಲಾರಂ ಅನ್ನ ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿ ಹಾಕಬೇಕು. ನಾನು ನೋಡಿದ ಒಂದು ಮನೆಯಲ್ಲಿ ಚಿಮಣಿ ಪಕ್ಕ, ತಲೆ ಮೇಲೆ ಹಾಕಿದ್ರು. ಅಷ್ಟು ಮೇಲೆ ಗ್ಯಾಸ್ ತಲುಪೋ ಹೊತ್ತಿಗೆ ಕೆಳಗೆ ಮನೆ ತುಂಬಿರುತ್ತೆ. ಗಾಳಿಯಲ್ಲಿ ಎಲ್‌ಪಿಜಿ ಸುಮಾರು ಶೇ. 2ರಿಂದ 9ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು ಹೊತ್ತಿಕೊಳ್ಳೋಕೆ. ಅಲಾರಂ ಅದಕ್ಕಿಂತ ಎಷ್ಟೋ ಮುಂಚೆಯೇ ಕೂಗುತ್ತೆ. ಇವು ಹೆಚ್ಚಾಗಿ ಪ್ಲಗ್‌ಗೆ ಹಾಕೋವು, ಕರೆಂಟ್ ಹೋದ್ರೆ ಸುಮ್ಮನಾಗ್ತವೆ. ಬ್ಯಾಟರಿ ಬ್ಯಾಕಪ್ ಇರೋದನ್ನೇ ಕೇಳಿ ತಗೊಳ್ಳಿ. ಇನ್ನೊಂದು ನೆನಪಿಡಿ: ಎಲ್‌ಪಿಜಿ ಅಲಾರಂ ಬಾತ್‌ರೂಮಿನ ಕಾರ್ಬನ್ ಮಾನಾಕ್ಸೈಡ್ ಹಿಡಿಯಲ್ಲ. ಎರಡೂ ಬೇರೆ ಬೇರೆ ಯಂತ್ರ.

ಅಲಾರಂಗಿಂತ ಮುಂಚೆ ಪೈಪ್ ನೋಡಿ. ಗ್ಯಾಸ್ ಏಜೆನ್ಸಿಯಲ್ಲಿ ಸಿಗೋ ಸುರಕ್ಷಾ ಪೈಪ್‌ಗೆ 5 ವರ್ಷ ಆಯಸ್ಸು, ದಿನಾಂಕ ಪೈಪ್ ಮೇಲೇ ಅಚ್ಚಾಗಿರುತ್ತೆ. ಸಿಲಿಂಡರ್ ಕೊರಳಿನ ಪಟ್ಟಿ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ವರ್ಷ ಇರುತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಅಂದ್ರೆ ಏಪ್ರಿಲ್‌ನಿಂದ ಜೂನ್, ಸಿ ಅಂದ್ರೆ ಜುಲೈನಿಂದ ಸೆಪ್ಟೆಂಬರ್, ಡಿ ಅಂದ್ರೆ ಅಕ್ಟೋಬರ್‌ನಿಂದ ಡಿಸೆಂಬರ್. ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕಾದ ಗಡುವು ಅದು. ಗಡುವು ದಾಟಿದ್ದು ಬಂದ್ರೆ ವಾಪಸ್ ಕಳಿಸಿ.

ಬಾಡಿಗೆ ಮನೆಗೇ ಸಂಬಂಧಪಟ್ಟ ಇನ್ನೊಂದು ವಿಷಯ. ಗ್ಯಾಸ್ ಕಂಪನಿಗಳು ಗ್ರಾಹಕರಿಗಾಗಿ ವಿಮೆ ಮಾಡಿಸಿರ್ತವೆ. ಅದರಲ್ಲಿ ಆಸ್ತಿ ನಷ್ಟಕ್ಕೆ ಪರಿಹಾರ ಸಿಗೋದು ಗ್ರಾಹಕರ ನೋಂದಾಯಿತ ವಿಳಾಸದಲ್ಲಿ ಆದ ಅವಘಡಕ್ಕೆ. ಬಾಡಿಗೆಯವರು ಮನೆ ಬದಲಿಸಿದ್ರೂ ಕನೆಕ್ಷನ್ ಹಳೇ ವಿಳಾಸದಲ್ಲೇ ಇದ್ರೆ, ಸುಟ್ಟು ಹೋದ ನಿಮ್ಮ ಅಡುಗೆ ಮನೆಗೆ ಏನೂ ಬರದೇ ಹೋಗಬಹುದು. ಹೊಸಬರು ಬಂದ ತಿಂಗಳಲ್ಲೇ ಏಜೆನ್ಸಿಗೆ ಹೋಗಿ ವಿಳಾಸ ಬದಲಾಯಿಸೋಕೆ ಹೇಳಿ.

ವಾಸನೆ ಬಂದ್ರೆ ಅಥವಾ ಅಲಾರಂ ಕೂಗಿದ್ರೆ: ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ, ಎರಡರಲ್ಲೂ ಕಿಡಿ ಹಾರುತ್ತೆ. ದೇವರ ದೀಪ ಉರೀತಿದ್ರೆ ಆರಿಸಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ. ಫೋನ್ ಹೊರಗೆ ಬಂದ ಮೇಲೆ. ಗ್ಯಾಸ್ ಸೋರಿಕೆಗೆ 24 ಗಂಟೆಯೂ ಇರೋ ನಂಬರ್ 1906.

ಕರೆಂಟ್: ಎಂಸಿಬಿ ಇದ್ರೆ ಸಾಲದು

"ಎಂಸಿಬಿ ಹಾಕ್ಸಿದೀವಲ್ಲ, ಇನ್ನೇನು?" ಅಂತ ಓನರ್‌ಗಳು ಕೇಳ್ತಾರೆ. ಎಂಸಿಬಿ ಕಾಯೋದು ವೈರನ್ನ. ಮನುಷ್ಯರನ್ನ ಕಾಯೋದು ಆರ್‌ಸಿಸಿಬಿ. ವ್ಯತ್ಯಾಸ ಹೀಗೆ: 16 ಆಂಪ್‌ನ ಎಂಸಿಬಿ ಬೀಳಬೇಕಾದ್ರೆ 16 ಆಂಪ್‌ಗಿಂತ ಜಾಸ್ತಿ ಕರೆಂಟ್ ಹರಿಯಬೇಕು. ಮನುಷ್ಯನ ಜೀವ ತೆಗೆಯೋಕೆ ಒಂದು ಆಂಪ್‌ನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಒದ್ದೆ ಕೈಯಲ್ಲಿ ಶಾಕ್ ಹೊಡೆದವರ ಮೈಯಲ್ಲಿ ಕರೆಂಟ್ ಹರೀತಿದ್ರೂ ಎಂಸಿಬಿಗೆ ಅದು ಗೊತ್ತೇ ಆಗಲ್ಲ.

ಆರ್‌ಸಿಸಿಬಿ ಮಾಡೋದು ಲೆಕ್ಕ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರಬೇಕು. ಕಮ್ಮಿ ಬಂತು ಅಂದ್ರೆ ಮಧ್ಯೆ ಎಲ್ಲೋ ಸೋರ್ತಿದೆ, ಯಾರದೋ ಮೈಯಲ್ಲೋ ಒದ್ದೆ ಗೋಡೆಯಲ್ಲೋ ನೆಲಕ್ಕೆ ಹೋಗ್ತಿದೆ ಅಂತ ಅರ್ಥ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಲೈನ್ ಕತ್ತರಿಸುತ್ತೆ. ಮನೆಗೆ 30 ಮಿಲಿಆಂಪ್‌ನದು ಬೇಕು. 100, 300 ಮಿಲಿಆಂಪ್‌ನವೂ ಅಂಗಡಿಯಲ್ಲಿ ಸಿಗ್ತವೆ, ಆದರೆ ಶಾಕ್‌ನಿಂದ ಜೀವ ಉಳಿಸೋಕೆ ಅವು ಸಾಲದು. ಖರೀದಿ ಮಾಡುವಾಗ ಐಎಸ್‌ಐ ಗುರುತು ನೋಡಿ. ಅದರ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತೆ, ತಿಂಗಳಿಗೊಮ್ಮೆ ಒತ್ತಿ. ಮನೆ ಕರೆಂಟ್ ಹೋಗಬೇಕು. ಹೋಗಲಿಲ್ಲ ಅಂದ್ರೆ ಬದಲಾಯಿಸಿ.

ಒಂದೇ ಕಟ್ಟಡದಲ್ಲಿ ಮೂರ್ನಾಲ್ಕು ಮೀಟರ್ ಇರೋ ಕಡೆ ಒಂದು ತೊಂದರೆ ಸಾಮಾನ್ಯ. ಹಳೇ ವೈರಿಂಗ್‌ನಲ್ಲಿ ಒಂದು ಮನೆಯ ನ್ಯೂಟ್ರಲ್ ಇನ್ನೊಂದು ಮನೆಯದಕ್ಕೆ ಸೇರಿಕೊಂಡಿರುತ್ತೆ. ಆರ್‌ಸಿಸಿಬಿ ಹಾಕಿದ ದಿನದಿಂದ ಬೀಳೋಕೆ ಶುರು. ಆಗ ಕೆಲವರು ಅದನ್ನೇ ಬೈಪಾಸ್ ಮಾಡಿಬಿಡ್ತಾರೆ. ನಮ್ಮ ಮನೆಯಲ್ಲೂ ಹಿಂಗೇ ಆಯ್ತು. ಎಲೆಕ್ಟ್ರಿಷಿಯನ್ ಅಣ್ಣ ಅರ್ಧ ದಿನ ಕೂತು ಎರಡೂ ಮನೆ ನ್ಯೂಟ್ರಲ್ ಬೇರೆ ಮಾಡಿದ ಮೇಲೆ ಸರಿಹೋಯ್ತು. "ಇದು ಬೀಳ್ತಾ ಇದೆ ಅಂದ್ರೆ ಏನೋ ಹೇಳ್ತಾ ಇದೆ ಅಂತ ತಿಳ್ಕೋ ತಮ್ಮ, ಬಾಯಿ ಮುಚ್ಚಿಸಬೇಡ" ಅಂದ್ರು.

ಇನ್ನು ಲೋಡ್. ವಾಟರ್ ಹೀಟರ್ ಕಾಯಿಲ್ 1500 ವ್ಯಾಟ್ ಇದ್ರೆ 230 ವೋಲ್ಟ್‌ನಲ್ಲಿ ಆರೂವರೆ ಆಂಪ್ ಎಳೆಯುತ್ತೆ. ಲೈಟು, ಫ್ಯಾನ್, ಮೊಬೈಲ್ ಚಾರ್ಜರ್‌ಗೆ ಇರೋ ಸಣ್ಣ ಸಾಕೆಟ್ 6 ಆಂಪ್‌ನದು. ರೂಮಿನ ಹುಡುಗರು ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಕಾಯಿಲ್, ಅದರ ಪಕ್ಕ ಇಂಡಕ್ಷನ್ ಸ್ಟವ್ ಹಾಕಿದ್ರೆ ಆ ವೈರ್ ಕರಗದೇ ಇರುತ್ತಾ? ಪ್ಲಗ್ ಸುತ್ತ ಕಂದು ಬಣ್ಣ ಬಂದಿದ್ರೆ, ಮುಟ್ಟಿದ್ರೆ ಬಿಸಿ ಅನ್ನಿಸಿದ್ರೆ ಅದು ಎಚ್ಚರಿಕೆ. ಬಾತ್‌ರೂಮ್, ಅಡುಗೆ ಮನೆ ಎರಡಕ್ಕೂ 16 ಆಂಪ್‌ನ ದೊಡ್ಡ ಸಾಕೆಟ್, ಗೀಸರ್‌ಗೆ 4 ಚದರ ಮಿ.ಮೀ. ವೈರ್ ಪ್ರತ್ಯೇಕವಾಗಿ ಎಳೆಸಿಕೊಡಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕೋದು ಮರೀಬೇಡಿ.

ಗೃಹಜ್ಯೋತಿ ಬಂದ ಮೇಲೆ ಬಿಲ್ ಸೊನ್ನೆ ಅಂತ ಬೆಸ್ಕಾಂ ಚೀಟಿಯನ್ನ ಯಾರೂ ಓದಲ್ಲ. ಅದರಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತೆ. 1 ಕಿಲೋವ್ಯಾಟ್ ಮಂಜೂರಾಗಿರೋ ಮನೆಯಲ್ಲಿ 2000 ವ್ಯಾಟ್ ಗೀಸರ್ ನಡೀತಿದ್ರೆ ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕಿ. ಕಂಬದಲ್ಲಿ ಕಿಡಿ, ವೋಲ್ಟೇಜ್ ಏರಿಳಿತ ಇದ್ದರೆ 1912ಕ್ಕೆ ಫೋನ್ ಮಾಡಿ ದೂರು ಬರೆಸಿ.

ಹೊಗೆ ಅಲಾರಂ ಎಲ್ಲಿ ಹಾಕಬೇಕು?

ಬೆಂಕಿ ಬಿದ್ದಾಗ ಸುಟ್ಟು ಸಾಯೋದಕ್ಕಿಂತ ಮುಂಚೆ ಹೊಗೆಯಲ್ಲಿ ಉಸಿರು ಕಟ್ಟುತ್ತೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಪ್ರಾಣ ಕಳ್ಕೊಂಡ್ರು. ಅಲ್ಲಿ ವಿದ್ಯುತ್ ಕೇಬಲ್ ಹೋಗೋ ಡಕ್ಟ್‌ನಲ್ಲಿ ಎದ್ದ ಹೊಗೆ ಮಹಡಿಗಳಿಗೆ ತುಂಬಿಕೊಂಡಿತ್ತು, ಜನ ಕಿಟಕಿಯಿಂದ ಜಿಗಿದಿದ್ರು.

ಹೊಗೆ ಮೇಲಕ್ಕೆ ಹೋಗುತ್ತೆ, ಅಲಾರಂ ಕೂಡ ಮೇಲೇ ಇರಬೇಕು. ಹಾಲ್‌ನ ತಾರಸಿ ಮಧ್ಯದಲ್ಲಿ, ಮಲಗೋ ಕೋಣೆ ಬಾಗಿಲಿಗೆ ಹತ್ತಿರ. ಗೋಡೆ ಮೂಲೆಯಲ್ಲಿ ಬೇಡ, ಅಲ್ಲಿ ಹೊಗೆ ಬೇಗ ತಲುಪಲ್ಲ, ಒಂದು ಅಡಿಯಾದ್ರೂ ದೂರ ಇರಲಿ. ಫ್ಯಾನ್ ಪಕ್ಕ ಬೇಡ. ಅಡುಗೆ ಮನೆಯಲ್ಲಂತೂ ಬೇಡ, ಮೆಣಸಿನಕಾಯಿ ಒಗ್ಗರಣೆಗೆ ದಿನಾ ಕೂಗಿ ಎರಡನೇ ವಾರಕ್ಕೆ ಯಾರೋ ಬ್ಯಾಟರಿ ಕಿತ್ತು ಟಿವಿ ರಿಮೋಟ್‌ಗೆ ಹಾಕಿರ್ತಾರೆ. ದೇವರ ಮನೆಯಿಂದಲೂ ದೂರ ಇಡಿ, ಧೂಪ ಅದಕ್ಕೂ ಹೊಗೆಯೇ. ಬ್ಯಾಟರಿ ಮುಗಿಯೋಕೆ ಬಂದಾಗ ಆಗಾಗ 'ಚಿಕ್' ಅಂತ ಸದ್ದು ಮಾಡುತ್ತೆ. ಅದನ್ನ ಹಲ್ಲಿ ಅಂದ್ಕೊಂಡು ಸುಮ್ಮನಿರಬೇಡಿ.

ಅಲಾರಂ ಕೂಗಿದ ಮೇಲೆ ಹೊರಗೆ ಓಡೋಕೆ ದಾರಿ ಬೇಕಲ್ಲ? ಕಳ್ಳರ ಭಯಕ್ಕೆ ನಾವು ಎಲ್ಲ ಕಿಟಕಿಗೂ ಗ್ರಿಲ್ ವೆಲ್ಡ್ ಮಾಡಿಸ್ತೀವಿ, ಮೆಟ್ಟಿಲ ಬುಡಕ್ಕೆ ಗೇಟು, ರಾತ್ರಿ ಅದಕ್ಕೆ ಬೀಗ, ಕೀ ಓನರ್ ಹತ್ರ. ಮಹಡಿ ಮೇಲಿನವರು ನಡುರಾತ್ರಿ ಏನ್ ಮಾಡಬೇಕು? ಗೇಟಿನ ಒಂದು ಕೀ ಪ್ರತಿ ಮನೆಯಲ್ಲೂ ಬಾಗಿಲ ಪಕ್ಕದ ಮೊಳೆಗೆ ನೇತಾಡ್ತಿರಲಿ. ಒಂದು ಕಿಟಕಿಗಾದ್ರೂ ಒಳಗಿಂದ ತೆಗೆಯೋ ಥರದ ಗ್ರಿಲ್ ಮಾಡಿಸಿ.

ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ

ನಮ್ಮೂರಿನ ಅಂಗಡಿಯವರು ಇದನ್ನ ಗಮನ ಇಟ್ಟು ಓದಬೇಕು. ಕೊಬ್ಬರಿಯಲ್ಲಿ ಶೇ. 60ಕ್ಕೂ ಹೆಚ್ಚು ಎಣ್ಣೆ. ಕೆಳಗಿನ ಗೋಡೌನ್‌ನಲ್ಲಿ ಕೊಬ್ಬರಿ ಚೀಲ, ಖಾಲಿ ಗೋಣಿ, ಮಟ್ಟೆ ಇದ್ದು ಮೇಲೆ ಸಂಸಾರ ಇದ್ದರೆ ಕೆಳಗಿನ ಒಂದು ಶಾರ್ಟ್ ಸರ್ಕ್ಯೂಟ್ ಮೇಲಿನವರ ದಾರಿಯನ್ನೇ ಮುಚ್ಚುತ್ತೆ. ಯಾಕಂದ್ರೆ ಇಂಥ ಕಟ್ಟಡಗಳಿಗೆ ಇರೋದು ಒಂದೇ ಮೆಟ್ಟಿಲು, ಅದೂ ಅಂಗಡಿ ಪಕ್ಕದಲ್ಲೇ.

- ಮೆಟ್ಟಿಲ ಕೆಳಗೆ ಗೋಣಿಚೀಲ, ರಟ್ಟಿನ ಡಬ್ಬ, ಪೇಂಟ್ ಡಬ್ಬ ಇಡಬೇಡಿ.
- ಎಲೆಕ್ಟ್ರಿಕ್ ಸ್ಕೂಟರ್ ಅನ್ನ ರಾತ್ರಿಯಿಡೀ ಮೆಟ್ಟಿಲ ಬುಡದಲ್ಲಿ ಚಾರ್ಜ್‌ಗೆ ಹಾಕೋಕೆ ಬಿಡಬೇಡಿ. ಬಯಲು ಜಾಗದಲ್ಲಿ ಪ್ರತ್ಯೇಕ ಪಾಯಿಂಟ್ ಕೊಡಿ.
- ಯುಪಿಎಸ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಮುಚ್ಚಿದ ಕಪಾಟಿನಲ್ಲಿ ಇಡಬೇಡಿ.
- ಶಟರ್ ಎಳೆಯೋ ಮುಂಚೆ ಫ್ರಿಜ್‌ನಂಥ ಬೇಕೇಬೇಕಾದ್ದು ಬಿಟ್ಟು ಉಳಿದ ಮೇನ್ ಆಫ್ ಮಾಡಿ.
- ಗೋಡೌನ್‌ನಲ್ಲೂ ಹೊಗೆ ಅಲಾರಂ ಇರಲಿ. ಒಂದು ಕೂಗಿದ್ರೆ ಎಲ್ಲವೂ ಕೂಗೋ ಥರ ಒಂದಕ್ಕೊಂದು ಜೋಡಿಸೋ ಅಲಾರಂಗಳೂ ಸಿಗ್ತವೆ. ಮುಚ್ಚಿದ ಅಂಗಡಿಯೊಳಗೆ ಕೂಗಿದ್ದು ಮೇಲೆ ಮಲಗಿದವರಿಗೆ ಕೇಳಬೇಕು.

ಕೆಂಪು ಬಣ್ಣದ ಎಬಿಸಿ ಪೌಡರ್ ಸಿಲಿಂಡರ್ ಒಂದನ್ನ ಮೆಟ್ಟಿಲ ಹತ್ರ ಕೈಗೆಟುಕೋ ಎತ್ತರಕ್ಕೆ ನೇತು ಹಾಕಿ. ಐಎಸ್‌ಐ ಗುರುತು ಇರಲಿ, ಮುಳ್ಳು ಹಸಿರು ಭಾಗದಲ್ಲಿರಲಿ. ಎಣ್ಣೆ ಬೆಂಕಿಗೂ ಕರೆಂಟ್ ಬೆಂಕಿಗೂ ನೀರು ಹಾಕಿದ್ರೆ ಇನ್ನೂ ಅಪಾಯ, ಪೌಡರ್ ಆಗುತ್ತೆ. ಪಿನ್ ಕೀಳಿ, ಬೆಂಕಿಯ ಬುಡಕ್ಕೆ ಗುರಿ ಇಡಿ, ಹಿಡಿ ಒತ್ತಿ, ಅತ್ತಿತ್ತ ಆಡಿಸಿ. ಸಣ್ಣದು ಕೆಲವೇ ಸೆಕೆಂಡ್ ಬರುತ್ತೆ. ಅಷ್ಟರಲ್ಲಿ ಆರಲಿಲ್ಲ ಅಂದ್ರೆ ಬಿಟ್ಟು ಓಡಿ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಇರುತ್ತೆ. ಆ ವಾರ ಅಗ್ನಿಶಾಮಕ ಸಿಬ್ಬಂದಿ ಪ್ರಾತ್ಯಕ್ಷಿಕೆ ಮಾಡಿ ತೋರಿಸ್ತಾರೆ, ಅಂಗಡಿ ಹುಡುಗರನ್ನ ಕಳಿಸಿ.

ಕಳ್ಳತನ, ಕ್ಯಾಮೆರಾ

ಬಾಡಿಗೆಯವರು ಬದಲಾದಾಗಲೆಲ್ಲ ಮುಂಬಾಗಿಲ ಬೀಗ ಬದಲಾಯಿಸಿ. ಹಳಬರ ಹತ್ರ ಎಷ್ಟು ನಕಲಿ ಕೀ ಇದೆಯೋ ಯಾರಿಗೆ ಗೊತ್ತು? ಬಾಗಿಲು ತೆಗೆದ್ರೆ ಕೂಗೋ ಆಯಸ್ಕಾಂತದ ಅಲಾರಂ ಕೆಲವೇ ನೂರು ರೂಪಾಯಿಗೆ ಸಿಗುತ್ತೆ, ಊರಿಗೆ ಹೋಗುವಾಗ ಅನುಕೂಲ. ಬಾಡಿಗೆಯವರ ಗುರುತಿನ ಚೀಟಿ ನಕಲು, ಫೋಟೋ, ಊರಿನ ವಿಳಾಸ ತಗೊಂಡು ಠಾಣೆಗೂ ಒಂದು ಪ್ರತಿ ಕೊಟ್ಟಿಡಿ.

ಕ್ಯಾಮೆರಾ ಹಾಕಿದ್ರೆ ಗೇಟು, ಮೆಟ್ಟಿಲು, ಗಾಡಿ ನಿಲ್ಲಿಸೋ ಜಾಗ, ಅಷ್ಟಕ್ಕೇ ನಿಲ್ಲಿಸಿ. ಬಾಡಿಗೆಯವರ ಬಾಗಿಲೊಳಗೆ, ಕಿಟಕಿ ಕಡೆ ಮುಖ ಮಾಡೋ ಹಾಗಿಲ್ಲ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನ ಕದ್ದು ನೋಡೋದು, ಚಿತ್ರೀಕರಿಸೋದು ನ್ಯಾಯ ಸಂಹಿತೆಯ 77ನೇ ಕಲಂನಲ್ಲಿ ಅಪರಾಧ. ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಮೊದಲೇ ಹೇಳಿಬಿಡಿ.

ಯಾರ ಖರ್ಚು? ಕರಾರಿನಲ್ಲಿ ಬರೆಸಿ

11 ತಿಂಗಳ ಕರಾರು ಪತ್ರ ಬರೆಸುವಾಗ ಬಾಡಿಗೆ, ಅಡ್ವಾನ್ಸ್, ಪೇಂಟಿಂಗ್ ಖರ್ಚು ಎಲ್ಲ ಬರೆಸ್ತೀವಿ. ಇನ್ನು ನಾಲ್ಕು ಸಾಲು ಸೇರಿಸಿದ್ರೆ ಜಗಳ ತಪ್ಪುತ್ತೆ. ಗೋಡೆಗೆ ಅಂಟಿಕೊಂಡಿರೋದು, ಅಂದ್ರೆ ವೈರಿಂಗ್, ಆರ್‌ಸಿಸಿಬಿ, ಅರ್ಥಿಂಗ್, ವೆಂಟಿಲೇಟರ್, ಅಲಾರಂಗಳು ಮಾಲೀಕರ ಖರ್ಚು. ಗ್ಯಾಸ್ ಪೈಪ್, ರೆಗ್ಯುಲೇಟರ್, ಅಲಾರಂ ಬ್ಯಾಟರಿ ಬಾಡಿಗೆಯವರದು. ಮಾಲೀಕರಿಗೆ ಹೇಳದೆ ಗ್ಯಾಸ್ ಗೀಸರ್ ಹಾಕೋ ಹಾಗಿಲ್ಲ. ಅಲಾರಂ ಕಿತ್ತು ಇಡೋ ಹಾಗಿಲ್ಲ. ಕೆಟ್ಟಿದ್ರೆ ತಿಳಿಸಬೇಕು, ತಿಳಿಸಿದ ಇಷ್ಟು ದಿನದೊಳಗೆ ಮಾಲೀಕರು ಸರಿಮಾಡಿಸಬೇಕು. ಬೀಗದ ಕೈ ಕೊಡೋ ದಿನ ಇಬ್ಬರೂ ನಿಂತು ಎಲ್ಲ ಬಟನ್ ಒತ್ತಿ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ವಿಮೆ ಬಗ್ಗೆಯೂ ಒಂದು ಮಾತು. ಮನೆಗೆ 'ಭಾರತ್ ಗೃಹ ರಕ್ಷಾ', ಸಣ್ಣ ಅಂಗಡಿ, ಗೋಡೌನ್‌ಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅನ್ನೋ ಪಾಲಿಸಿಗಳು 2021ರ ಏಪ್ರಿಲ್‌ನಿಂದ ಇವೆ. ಯಾವ ಕಂಪನಿಯಲ್ಲಿ ತಗೊಂಡ್ರೂ ಮೂಲ ನಿಯಮ ಒಂದೇ. ಮಾಲೀಕರು ಕಟ್ಟಡಕ್ಕೆ, ಬಾಡಿಗೆಯವರು ತಮ್ಮ ಸಾಮಾನಿಗೆ ಬೇರೆ ಬೇರೆ ಮಾಡಿಸಬಹುದು.

ನಮ್ಮ ಮನೆಗೆ ಆದ ಖರ್ಚು

ಸಂಕ್ರಾಂತಿ ಘಟನೆ ಆದಮೇಲೆ ಮಹಡಿ ಮನೆಗೆ ನಾನು ಮಾಡಿಸಿದ್ದು: ಆರ್‌ಸಿಸಿಬಿ ಮತ್ತು ನ್ಯೂಟ್ರಲ್ ಬೇರೆ ಮಾಡಿದ ಕೂಲಿ ಸೇರಿ 3,400 ರೂಪಾಯಿ. ಹೊಗೆ ಅಲಾರಂ 950. ಗ್ಯಾಸ್ ಅಲಾರಂ 1,600. ಕಾರ್ಬನ್ ಮಾನಾಕ್ಸೈಡ್ ಅಲಾರಂ 2,100. ಎರಡು ಕೆಜಿ ಪೌಡರ್ ಸಿಲಿಂಡರ್ 1,300. ವೆಂಟಿಲೇಟರ್‌ಗೆ ಲೂವರ್ 450. ಒಟ್ಟು 9,800. ಕಂಪನಿ ನೋಡಿ ಹೆಚ್ಚು ಕಮ್ಮಿ ಆಗುತ್ತೆ. ಆ ಮನೆ ಬಾಡಿಗೆ 6,500, ಅಂದ್ರೆ ಒಂದೂವರೆ ತಿಂಗಳ ಬಾಡಿಗೆ. ಅಮ್ಮ ಮೊದಲು ಗೊಣಗಿದ್ರು, ಆಮೇಲೆ ಕೆಳಗಿನ ನಮ್ಮ ಮನೆಗೂ ಒಂದು ಹಾಕು ಅಂದ್ರು. ಎಲ್ಲ ಒಟ್ಟಿಗೆ ಆಗಲ್ಲ ಅನ್ನೋರು ವೆಂಟಿಲೇಟರ್ ತೆರೆಯೋದು, ಆರ್‌ಸಿಸಿಬಿ ಹಾಕಿಸೋದು, ಗೇಟಿನ ಕೀ ಕೊಡೋದು, ಈ ಮೂರರಿಂದ ಶುರು ಮಾಡಿ. ಮೊದಲನೇದಕ್ಕೂ ಮೂರನೇದಕ್ಕೂ ಖರ್ಚು ಇಲ್ಲವೇ ಇಲ್ಲ ಅನ್ನಬಹುದು.

ಬಾಗಿಲ ಹಿಂದೆ ಬರೆದು ಅಂಟಿಸಿ

- ಯಾವುದೇ ತುರ್ತು: 112
- ಅಗ್ನಿಶಾಮಕ: 101
- ಆಂಬುಲೆನ್ಸ್: 108
- ಗ್ಯಾಸ್ ಸೋರಿಕೆ: 1906
- ಬೆಸ್ಕಾಂ: 1912
- ಕೊನೆಯಲ್ಲಿ ಓನರ್ ನಂಬರ್, ಪಕ್ಕದ ಮನೆಯವರ ನಂಬರ್

ಆ ಅಕ್ಕ, ಅಣ್ಣ ಇನ್ನೂ ನಮ್ಮ ಮಹಡಿ ಮೇಲೇ ಇದ್ದಾರೆ. ಗೀಸರ್ ಈಗ ಹೊರಗಿನ ಗೋಡೆಯಲ್ಲಿದೆ. ಪ್ರತಿ ತಿಂಗಳು ಬಾಡಿಗೆ ಇಸ್ಕೊಳ್ಳೋಕೆ ಹೋದಾಗ ಮೂರೂ ಅಲಾರಂ ಬಟನ್ ಒತ್ತಿ ನೋಡ್ತೀನಿ. ಅವರ ಮಗು ಕಿವಿ ಮುಚ್ಚಿಕೊಂಡು ನಗುತ್ತೆ. ಪ್ಲೈವುಡ್ ಕಿತ್ತ ಕಡೆ ನಾಲ್ಕು ಮೊಳೆ ತೂತು ಹಾಗೇ ಇದೆ, ಪುಟ್ಟಿ ಹಾಕಿ ಮುಚ್ಚಿಲ್ಲ. ಧನುರ್ಮಾಸದ ಚಳಿ ಶುರುವಾಗೋ ಮುಂಚೆ ನಿಮ್ಮ ಬಾಡಿಗೆ ಮನೆಯ ಬಾತ್‌ರೂಮ್‌ಗೂ ಒಂದು ಸಲ ಹೋಗಿ ತಲೆ ಎತ್ತಿ ನೋಡಿ, ವೆಂಟಿಲೇಟರ್ ತೆರೆದಿದೆಯಾ ಅಂತ.